ಯಾವೂರು ನಿಮ್ಮದು?

ಬಸ್ಸಿನ ಕಂಡಕ್ಟರಿಗೆ ಅದು ಉಡುಗಣಿ. ಕಂದಾಯ ಇಲಾಖೆಗೂ ಉಡುಗಣಿಯೇ, ಹೋಬಳಿಯ ಹೆಸರೂ ಅದೇ. ಪುಸ್ತಕ ಓದುವವರಿಗೆ, ಭಾಷಣ ಮಾಡುವವರಿಗೆ ಮಾತ್ರ ಉಡುತಡಿ. ಟಿಕೆಟ್ಟಿನ ಮಟ್ಟಿಗೆ ಒಂದು ಹೆಸರು, ವೇದಿಕೆಯ ಮಟ್ಟಿಗೆ ಇನ್ನೊಂದು. ಊರೇ ಹೀಗೆ ಎರಡು ಹೆಸರಿಟ್ಟುಕೊಂಡು ನೆಮ್ಮದಿಯಾಗಿರುವುದು ಚಿಕ್ಕಂದಿನಿಂದ ನನಗೆ ಸಮಾಧಾನ ಕೊಟ್ಟ ಸಂಗತಿ.

ಮಾರ್ಗಶಿರದ ಚಳಿ. ಬೆಳಗಿನ ಬಸ್ಸು ನನ್ನನ್ನು ಇಳಿಸಿ ಶಿರಾಳಕೊಪ್ಪದ ಕಡೆ ತಿರುಗಿದ ಮೇಲೂ ಅದರ ಸದ್ದು ಮಂಜಿನೊಳಗೆ ಬಹಳ ಹೊತ್ತು ಕೇಳುತ್ತಲೇ ಇತ್ತು. ಗದ್ದೆ ಕಟಾವಾಗಿದೆ, ಮೆಕ್ಕೆಜೋಳದ ದಂಟು ಹೊಲದಲ್ಲೇ ಒಣಗಿ ನಿಂತಿದೆ. ರಸ್ತೆಯ ಆಚೆ ಈಚೆ ಎಲ್ಲಿ ನೋಡಿದರೂ ಅಡಿಕೆ ತೋಟ. ನಾನು ಹುಡುಗನಾಗಿದ್ದಾಗ ಇಷ್ಟೊಂದು ತೋಟವಿರಲಿಲ್ಲ. ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆಗೆ ಮಗುಚಿಕೊಂಡದ್ದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಅಕ್ಕಮಹಾದೇವಿಯ ಎತ್ತರದ ಪ್ರತಿಮೆಯ ತಲೆ ಮಂಜಿನಲ್ಲಿ ಸೇರಿಹೋಗಿತ್ತು. ಕೂದಲೇ ಉಡುಗೆಯಾದ ಆ ಮೈ ಮಾತ್ರ ಕಾಣುತ್ತಿತ್ತು, ಮುಖವಿರಲಿಲ್ಲ.

ಊರಿಗೆ ಬಂದೆ ಎಂದು ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಹಂಡೆಯಲ್ಲಿ ಅಡಿಕೆ ಬೇಯುವ ವಾಸನೆ. ಹಿಂದಿನ ವರ್ಷದ ಚೊಗರನ್ನು ನೀರಿಗೆ ಬೆರೆಸಿ, ಸುಲಿದ ಹಸಿ ಅಡಿಕೆಯನ್ನು ಅದರಲ್ಲಿ ಹಾಕಿ ಕುದಿಸುವಾಗ ಏಳುವ ಆ ಒಗರು ಹಬೆಗೆ ಹೊಗೆ, ಒದ್ದೆ ಸಿಪ್ಪೆ, ಚಳಿ ಎಲ್ಲ ಕೂಡಿಕೊಂಡಿರುತ್ತದೆ. ಬೆಂಗಳೂರಿನಲ್ಲಿ ನಡುರಾತ್ರಿ ಎಚ್ಚರವಾದಾಗ ನನ್ನ ಮೂಗಿಗೆ ಇದು ಬಂದದ್ದುಂಟು. ಹಾಸಿಗೆಯ ಮೇಲೆ ಎದ್ದು ಕೂತು, ಸುಲಿಯುವ ಪಾಳಿಗೆ ತಡವಾಯಿತೇನೋ ಎಂದು ಗಾಬರಿಯಾಗುತ್ತಿದ್ದೆ.

ಅವ್ವ ಶೆಡ್ಡಿನಲ್ಲಿದ್ದಳು. ಹತ್ತು ಹದಿನೈದು ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ, ಎಡಗಡೆ ಗೊನೆಯಿಂದ ಬಿಡಿಸಿದ ಹಸಿರು ಕಾಯಿಯ ರಾಶಿ, ಬಲಗಡೆ ಡಬ್ಬ. ಕಾಯನ್ನು ಕತ್ತಿಗೆ ಒತ್ತಿ ಒಂದು ತಿರುವು, ಇನ್ನೊಂದು ತಿರುವು. ಸಿಪ್ಪೆ ಒಂದು ಕಡೆ, ಅಡಿಕೆ ಡಬ್ಬಕ್ಕೆ. ಮಾತು ನಿಲ್ಲುವುದಿಲ್ಲ, ಕಣ್ಣು ಕತ್ತಿಯ ಮೇಲಿರುವುದೂ ಇಲ್ಲ, ಬೆರಳು ಮಾತ್ರ ತಪ್ಪುವುದಿಲ್ಲ. ಊರಲ್ಲೀಗ ಸುಲಿಯುವ ಮಷೀನುಗಳು ಬಂದಿವೆ. ಆದರೂ ಕೈಸುಲಿತದ ಅಡಿಕೆಗೆ ಗಾಯವಾಗುವುದಿಲ್ಲ ಎಂದು ನಂಬುವ ತೋಟದವರು ಇನ್ನೂ ಇದ್ದಾರೆ. ಅವರ ನಂಬಿಕೆಯ ಮೇಲೆ ಅವ್ವನ ಕೂಲಿ ನಿಂತಿದೆ. ಕೂಲಿ ದಿನದ ಲೆಕ್ಕವಲ್ಲ, ಡಬ್ಬದ ಲೆಕ್ಕ.

ಅವಳ ಹಿಂದಿನ ಗೋಡೆಯ ಮೇಲೆ ಇದ್ದಿಲಿನ ಗೀಟುಗಳು. ನಾಲ್ಕು ಉದ್ದ ಗೀಟು, ಅಡ್ಡ ಒಂದು. ಮತ್ತೆ ನಾಲ್ಕು, ಮತ್ತೆ ಅಡ್ಡ ಒಂದು. ಒಂದು ಡಬ್ಬ ತುಂಬಿದರೆ ಒಂದು ಗೀಟು. ಅಕ್ಷರವೆಂದು ನಾನು ಮೊದಲು ನೋಡಿದ್ದು ಇದನ್ನೇ.

ನಾವು ಈ ಕಡೆಯವರಲ್ಲ. ಅಪ್ಪ ಅವ್ವ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಿಂದ ಗುಳೆ ಬಂದವರು. ಒಂದು ಬರದ ವರ್ಷ ಮೇಸ್ತ್ರಿಯೊಬ್ಬ ಲಾರಿ ತಂದ. ಹತ್ತಿದವರಲ್ಲಿ ಇವರಿಬ್ಬರು, ಅವ್ವನ ಮಡಿಲಲ್ಲಿ ನಾನು. ಒಂದು ವರ್ಷ ಕಾಫಿ ಸೀಮೆಯಲ್ಲಿ ಹಣ್ಣು ಕಿತ್ತರು. ಆಮೇಲೆ ಈ ಕಡೆ ಅಡಿಕೆ, ಶುಂಠಿ, ಅಡಿಕೆ, ಶುಂಠಿ. ಸೊರಬ, ಶಿಕಾರಿಪುರದ ಗದ್ದೆಗಳನ್ನು ಗುತ್ತಿಗೆ ಹಿಡಿದು ಶುಂಠಿ ಹಾಕುವವರು ಹಲವರು ಕೇರಳದವರು, ಕೀಳುವವರು ನಮ್ಮಂಥವರು, ಕಣದಲ್ಲಿ ತೊಳೆದು ಒಣಗಿಸುವವರು ಇನ್ನೆಲ್ಲಿಂದಲೋ ಬಂದವರು. ನೆಲ ಮಾತ್ರ ಊರಿನವರದ್ದು. ಇಲ್ಲಿನ ತಾಂಡಾಗಳ ಲಂಬಾಣಿಗರು ಅದೇ ಹೊತ್ತಿಗೆ ಮನೆಗೆ ಬೀಗ ಹಾಕಿಕೊಂಡು ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು ಹೊರಡುತ್ತಿದ್ದರು. ನಾವು ಬರುವ ರಸ್ತೆಯಲ್ಲೇ ಅವರು ಹೋಗುತ್ತಿದ್ದರು. ಎದುರುಬದುರು ಲಾರಿಗಳಲ್ಲಿ ಮಕ್ಕಳು ಮಕ್ಕಳಿಗೆ ಕೈ ಬೀಸಿದ್ದು ನನಗೆ ನೆನಪಿದೆ.

ಅಪ್ಪ ಹಿಂದಿರುಗುತ್ತೇವೆ ಎಂದು ಹೇಳುತ್ತಲೇ ಇಪ್ಪತ್ತು ಮಳೆಗಾಲ ಕಳೆದ. ವಾಪಸು ಹೋಗಲಿಲ್ಲ, ಇಲ್ಲಿಯವನೂ ಆಗಲಿಲ್ಲ.

ಶಾಲೆಗೆ ಸೇರಿಸುವ ದಿನ ಅರ್ಜಿಯಲ್ಲಿ ‘ಸ್ವಂತ ಊರು’ ಎಂಬ ಜಾಗವಿತ್ತಂತೆ. ಅಪ್ಪ ಲಿಂಗಸುಗೂರಿನ ಹಳ್ಳಿಯ ಹೆಸರು ಹೇಳಿದ್ದಾನೆ. ಮೇಷ್ಟ್ರು ‘ಈಗ ಎಲ್ಲಿದ್ದೀರಿ ಅದನ್ನು ಹೇಳಪ್ಪ’ ಎಂದಿದ್ದಾರೆ. ಅಪ್ಪ ತೋಟದ ಯಜಮಾನರ ಹೆಸರು ಹೇಳಿ, ‘ಅವರ ಶೆಡ್ಡಿನಾಗ’ ಎಂದನಂತೆ. ಮೇಷ್ಟ್ರು ನಕ್ಕು ಉಡುಗಣಿ ಎಂದು ಬರೆದುಕೊಂಡರು. ನನ್ನ ಊರು ಹಾಗೆ ಹುಟ್ಟಿತು, ಬೇರೆಯವರ ಕೈಬರಹದಲ್ಲಿ.

ಕೂಲಿಯವರ ಕ್ಯಾಂಪಿನ ಕಾಗದಪತ್ರ ಆರನೇ ಕ್ಲಾಸಿನಲ್ಲಿ ನನ್ನ ಪಾಲಿಗೆ ಬಂತು. ಓದಲು ಬರುವವನು ನಾನೊಬ್ಬನೇ. ಊರಿಗೆ ಕಾಗದ ಬರೆಯುವುದು, ಬಂದ ಕಾಗದ ಓದುವುದು, ರೇಷನ್ ಕಾರ್ಡಿನ ಅರ್ಜಿ ತುಂಬುವುದು. ‘ಮಗಳಿಗೆ ಹುಷಾರಿಲ್ಲ ಅಂತ ಬರಿ, ಆದರ ಅಂಜೋ ಹಂಗ ಬರಿಬ್ಯಾಡ’ ಎಂದು ಒಬ್ಬಾಕೆ ಹೇಳಿದ್ದಳು. ಮುಂದೆ ಎಷ್ಟೋ ಕಡೆ ಸಂವಹನ, ಸಂದೇಶ ಎಂದು ಕೋಟು ತೊಟ್ಟವರ ಪಾಠ ಕೇಳಿದ್ದೇನೆ. ಅವಳಷ್ಟು ಚೊಕ್ಕವಾಗಿ ಕೆಲಸ ಒಪ್ಪಿಸಿದವರು ಯಾರೂ ಸಿಗಲಿಲ್ಲ. ಕಾಗದಕ್ಕೆ ಎಂಟಾಣೆ, ಕೆಲವೊಮ್ಮೆ ಒಂದು ಹಿಡಿ ಹುರಿಗಡಲೆ. ಬರೆದು ದುಡಿದ ಮೊದಲ ದುಡ್ಡು ಅದು.

ಪಿಯುಸಿ ಮುಗಿಸಿ ಶಿರಾಳಕೊಪ್ಪದ ಡಿಟಿಪಿ ಅಂಗಡಿಯೊಂದರಲ್ಲಿ ಕೂತೆ. ಮದುವೆ ಕಾಗದ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಆಮೇಲಾಮೇಲೆ ಫ್ಲೆಕ್ಸು. ನುಡಿ ತಂತ್ರಾಂಶದಲ್ಲಿ ಕೈ ಓಡುತ್ತಿತ್ತು. ಇಂಥವರಿಗೆ ಹುಟ್ಟುಹಬ್ಬದ ಶುಭಾಶಯಗಳು ಎಂಬ ಸಾಲಿನ ಕೆಳಗೆ ಶುಭ ಕೋರುವ ನಲವತ್ತು ಜನರ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಯಾರಿಗೂ ಬೇಸರವಾಗದ ಹಾಗೆ ಜೋಡಿಸುವುದಿದೆಯಲ್ಲ, ಅದಕ್ಕಿಂತ ಕಷ್ಟದ ಸಂಪಾದಕೀಯ ಕೆಲಸ ನಾನು ಇವತ್ತಿನವರೆಗೂ ಮಾಡಿಲ್ಲ. ಯಾರ ಮುಖ ಯಾರಿಗಿಂತ ಅರ್ಧ ಇಂಚು ಮೇಲೆ ಇರಬೇಕು ಎನ್ನುವುದರಲ್ಲಿ ತಾಲ್ಲೂಕಿನ ಅಷ್ಟೂ ರಾಜಕೀಯ ಅಡಗಿತ್ತು.

ಅಲ್ಲಿಂದಲೇ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸತೊಡಗಿದೆ. ಸಂಬಳವಿಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಎಂದು ಲೆಕ್ಕ. ಇಲ್ಲೂ ಡಬ್ಬದ ಲೆಕ್ಕವೇ. ಕೆರೆ ಕೋಡಿ ಬಿತ್ತು, ಕಾಡಾನೆ ಬಂತು, ಶುಂಠಿ ಧಾರಣೆ ಕುಸಿಯಿತು, ಅಕ್ಕಮಹಾದೇವಿ ಜಯಂತಿ ಸಂಭ್ರಮದಿಂದ ನಡೆಯಿತು. ಸುದ್ದಿಯ ಮೊದಲಿಗೆ ದಪ್ಪಕ್ಷರದಲ್ಲಿ ‘ಶಿರಾಳಕೊಪ್ಪ:’ ಎಂದು ಬರುತ್ತಿತ್ತು. ನನ್ನ ಹೆಸರು ಎಲ್ಲೂ ಇರುತ್ತಿರಲಿಲ್ಲ. ಯಾವ ಊರು ಎಂದು ಕೇಳಿದರೆ ತಡವರಿಸುವ ಹುಡುಗನಿಗೆ ಪ್ರತಿದಿನ ಊರಿನ ಹೆಸರಿನಿಂದಲೇ ಬರಹ ಶುರು ಮಾಡುವ ಕೆಲಸ ಸಿಕ್ಕಿತ್ತು.

ಬೆಂಗಳೂರಿಗೆ ಹೋಗಿ ಜಾಹೀರಾತು ಕಂಪನಿ ಸೇರಿದ ಮೇಲೆ ಹೆಸರಿನ ಜೊತೆಗೆ ಊರೂ ಹೋಯಿತು. ಸೋಪು, ಸಾಲ, ಸಿಮೆಂಟು. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ತಿರುಗಿಸುವುದು. ‘ನಿಯಮ ಮತ್ತು ಷರತ್ತುಗಳು ಅನ್ವಯಿಸುತ್ತವೆ’ ಎಂಬಲ್ಲಿ ಮುಗಿಸುವುದು. ಊರಿಗೆ ಬಂದು ಅವ್ವನಿಗೆ, ನಾನೀಗ ರೈಟರ್ ಎಂದೆ. ಅವಳ ಮುಖ ಅರಳಿತು. ಕಾಫಿ ತೋಟದಲ್ಲಿ ಕೂಲಿಯವರ ಹಾಜರಿ, ತೂಕ ಬರೆದುಕೊಳ್ಳುವವನನ್ನು ರೈಟರ್ ಎನ್ನುತ್ತಾರೆ. ಅವಳು ಕಂಡ ಅತ್ಯಂತ ದೊಡ್ಡ ಹುದ್ದೆ ಅದು. ‘ರೈಟರ್ ಆದ್ಯಾ! ಹಂಗಾರ ಬಡವರ ತೂಕ ಸರಿಯಾಗಿ ಬರಿಯಪ್ಪ’ ಎಂದಳು. ನಾನು ತಿದ್ದಲು ಹೋಗಲಿಲ್ಲ.

ಈಗ ನಾನಿರುವುದು ಸೇವಾಸಂಸ್ಥೆಯೊಂದರ ಸಂವಹನ ವಿಭಾಗದಲ್ಲಿ. ದಾನಿಗಳಿಗೆ ಕಳಿಸಲು ಬಡವರ ಕಥೆಗಳನ್ನು ಬರೆಯುತ್ತೇನೆ. ಒಂದೊಂದು 300 ಪದ, ಜೊತೆಗೊಂದು ಫೋಟೋ. ಹೋದ ವರ್ಷ ನನ್ನ ಮೇಜಿಗೆ ಬಂದದ್ದು ಅಡಿಕೆ ಸುಲಿಯುವ ಒಬ್ಬ ವಲಸೆ ಹೆಂಗಸಿನ ಕಥೆ. ಮೊದಲು ಕಷ್ಟ, ಆಮೇಲೆ ಸಂಸ್ಥೆಯ ನೆರವು, ಕೊನೆಗೆ ನಗು ಎಂಬ ಅಚ್ಚು ಮೊದಲೇ ಸಿದ್ಧವಿತ್ತು. ಫೋಟೋದಲ್ಲಿ ಕೈ ಕಪ್ಪಾಗಿತ್ತು. ಕೈ ಗಲೀಜಾಗಿದೆ, ತೊಳೆಸಿ ಇನ್ನೊಂದು ಫೋಟೋ ತೆಗೆಯಬಹುದೇ ಎಂದು ಮೇಲಿನವರು ಕೇಳಿದರು. ಅಡಿಕೆ ಸಿಪ್ಪೆಯ ಕರೆ ತೊಳೆದರೆ ಹೋಗುವುದಿಲ್ಲ. ಸುಗ್ಗಿ ಮುಗಿದು ಹಳೇ ಚರ್ಮ ಸುಲಿದರೇ ಹೋಗುವುದು. ಇದನ್ನು ಮಿಂಚಂಚೆಯಲ್ಲಿ ಬರೆಯಲು ಅರ್ಧ ದಿನ ಹಿಡಿಯಿತು. ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ‘ಸಾಧ್ಯವಿಲ್ಲ’ ಎಂಬ ಒಂದೇ ಪದ ಕಳಿಸಿದೆ.

ಮಧ್ಯಾಹ್ನ ಅವ್ವನಿಗೆ ಬಿಡುವಿರಲಿಲ್ಲ. ಬೈಕು ಕಡ ತೆಗೆದುಕೊಂಡು ಬಳ್ಳಿಗಾವಿಗೆ ಹೋದೆ. ಶಿರಾಳಕೊಪ್ಪದ ಮಗ್ಗುಲಿಗೇ ಇದೆ. ಕೇದಾರೇಶ್ವರ ಗುಡಿಯ ಹುಲ್ಲುಹಾಸಿನ ಮೇಲೆ ಶಾಲೆಯ ಮಕ್ಕಳು ಬುತ್ತಿ ಬಿಚ್ಚಿದ್ದರು. ಇಲ್ಲಿದ್ದ ಕೋಡಿಯಮಠದ ಬಗ್ಗೆ ಬಿಜ್ಜಳನ ಕಾಲದ, 1162ರ ಶಾಸನವೊಂದಿದೆ. ವೇದ, ವ್ಯಾಕರಣ, ಕಾವ್ಯಗಳ ಪಾಠ ನಡೆಯುತ್ತಿತ್ತು ಎನ್ನುವಲ್ಲಿಗೆ ಅದು ನಿಲ್ಲುವುದಿಲ್ಲ. ಕುಂಟರು, ಕುರುಡರು, ದಿಕ್ಕಿಲ್ಲದವರು, ಹಾಡುವವರು, ಕಥೆ ಹೇಳುವವರು, ವಾದ್ಯ ಬಾರಿಸುವವರು, ದೇಶದೇಶಗಳಿಂದ ಬಂದ ಭಿಕ್ಷುಕರು, ಇವರಿಗೆಲ್ಲ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎಂದು ಪಟ್ಟಿ ಕೊಡುತ್ತದೆ. ಕಥೆ ಹೇಳಿ ಹೊಟ್ಟೆ ಹೊರೆಯುವ ಅಲೆಮಾರಿಯನ್ನು ಕುರುಡರ, ಕುಂಟರ ಪಕ್ಕದಲ್ಲೇ ಊಟಕ್ಕೆ ಕೂರಿಸಿದ ಆ ಶಾಸನದವನಿಗೆ ನಮ್ಮ ಕಸುಬಿನ ನಿಜ ಗೊತ್ತಿತ್ತು ಅನ್ನಿಸುತ್ತದೆ.

ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳಲ್ಲಿ ಕಲ್ಲು ಎಡವಿದರೆ ಶಾಸನ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರದವು, 8ನೆಯದರಲ್ಲಿ ಸೊರಬದವು ಅಚ್ಚಾದದ್ದು 1902 ಮತ್ತು 1904ರಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಕೂಡ ದೂರದಿಂದ ಬಂದವರ ಮಗನೇ. ಆದರೆ ಅವರ ತಂದೆ ಪಾದ್ರಿಯಾಗಿ ಬಂದವರು, ಲಾರಿ ಹತ್ತಿ ಬಂದವರಲ್ಲ, ಅಷ್ಟು ವ್ಯತ್ಯಾಸ. ತಾಳಗುಂದದ ಶಾಸನವೊಂದು ಮುಕ್ಕಣ್ಣ ಕದಂಬ ಅಹಿಚ್ಛತ್ರದಿಂದ ಬ್ರಾಹ್ಮಣ ಕುಟುಂಬಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದ ಕಥೆ ಹೇಳುತ್ತದೆ. ಅದೂ ಗುಳೆಯೇ, ಭೂಮಿ ಕೊಟ್ಟು ಕರೆಸಿಕೊಂಡ ಗುಳೆ. ಅದೇ ಊರಿನ ಕಂಬದ ಮೇಲೆ ಐದನೆಯ ಶತಮಾನದ ಕವಿ ಕುಬ್ಜ ತನ್ನ ಸಂಸ್ಕೃತ ಕಾವ್ಯವನ್ನು ತಾನೇ ಕಲ್ಲಿಗೆ ಬರೆದೆನೆಂದು ಹೆಸರು ಹಾಕಿಕೊಂಡಿದ್ದಾನೆ.

ಕುಬ್ಜನಿಗಿಂತ ನನಗೆ ಬಳ್ಳಿಗಾವಿಯ ದಾಸೋಜ ಹತ್ತಿರದವನು. ಶಿಲ್ಪಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಕೆಲಸಕ್ಕೆ ಹೋದವನು. ಇಲ್ಲಿಂದ ಬೇಲೂರಿಗೆ ಈಗಿನ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರು. ಅವನಿಗೆ ಎತ್ತಿನ ಗಾಡಿಯೋ ಕಾಲ್ನಡಿಗೆಯೋ, ಯಾವುದಾದರೂ ಅನೇಕ ದಿನಗಳ ದಾರಿ. ಜೊತೆಗೆ ಮಗ ಚಾವಣ. ಬೇಲೂರಿನ ಮದನಿಕೆಯರ ಕೆಳಗೆ ಅವರ ಸಹಿಗಳಿವೆ: ಅಪ್ಪನದು ಬಳ್ಳಿಗಾವಿಯ ದಾಸೋಜ ಎಂದು, ಮಗನದು ದಾಸೋಜನ ಮಗ ಚಾವಣ ಎಂದು. ಮೂರು ವರ್ಷದ ಹಿಂದೆ ಬೇಲೂರಿಗೆ ಹೋದಾಗ ಗೈಡು ಕನ್ನಡಿ ಹಿಡಿದ ಸುಂದರಿಯನ್ನು ತೋರಿಸುತ್ತಿದ್ದ. ನಾನು ಅವಳ ಕಾಲ ಕೆಳಗೆ ಅಕ್ಷರ ಹುಡುಕುತ್ತಾ ಕತ್ತು ನೋಯಿಸಿಕೊಂಡೆ. ಪರಊರಿಗೆ ಕೆಲಸಕ್ಕೆ ಹೋದವನು ತನ್ನ ಊರಿನ ಹೆಸರನ್ನು ಕಲ್ಲಿನಲ್ಲಿ ಕೆತ್ತಿ ಬಂದಿದ್ದಾನೆ. ಮಗನಿಗೆ ಅಪ್ಪನ ಹೆಸರೇ ಊರಾಯಿತು.

ಇದೇ ಬಳ್ಳಿಗಾವಿಯಲ್ಲಿ ಮದ್ದಳೆ ಬಾರಿಸಿಕೊಂಡಿದ್ದ ಅಲ್ಲಮ ಹೊರಟುಹೋದ. ಉಡುತಡಿಯಿಂದ ಮಹಾದೇವಿಯೂ ಹೊರಟುಹೋದಳು. ಅರಸ ಕೌಶಿಕನೊಡನೆ ಮದುವೆ ಆಯಿತು ಎನ್ನುತ್ತಾನೆ ಕವಿ ಹರಿಹರ, ಆಗಲಿಲ್ಲ ಎನ್ನುತ್ತಾನೆ ಚಾಮರಸ. ಊರು ಬಿಟ್ಟಳು ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ. ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ, ಅಲ್ಲಮನದು ಗುಹೇಶ್ವರ. ಹುಟ್ಟಿದೂರಿನ ಹೆಸರನ್ನು ಇಬ್ಬರೂ ಹೊತ್ತುಕೊಂಡು ಹೋಗಲಿಲ್ಲ.

ಹೊತ್ತುಕೊಂಡು ಹೋದವರು ಬೇರೆ ಇದ್ದಾರೆ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಅಪ್ಪಟ ಕೂಲಿ ವಲಸಿಗರು. ಗಂಡ ಒಂದು ದಿನ ಅಕ್ಕಿ ಹೆಚ್ಚು ಆಯ್ದು ತಂದರೆ ವಾಪಸು ಸುರಿದು ಬಾ ಎಂದವಳು ಆ ಹೆಂಗಸು. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಹೆಂಡತಿಯದು ಅದಕ್ಕೆ ಗಂಡನ ಹೆಸರು ಸೇರಿಸಿದ್ದು. ಅಮರೇಶ್ವರ ಅವರು ಬಿಟ್ಟು ಬಂದ ಊರಿನ ದೇವರು. ಲಿಂಗಸುಗೂರು ತಾಲ್ಲೂಕು, ಗುರುಗುಂಟದ ಹತ್ತಿರ.

ಕಾಲೇಜಿನಲ್ಲಿ ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಎದ್ದು ಹೊರಗೆ ಬಂದೆ. ಅಮರೇಶ್ವರ ನಮ್ಮ ಮನೆಯಲ್ಲಿ ದಿನಾ ಕೇಳುವ ಹೆಸರು. ಅಪ್ಪ ಆಣೆ ಹಾಕುತ್ತಿದ್ದದ್ದು ಆ ದೇವರ ಮೇಲೆ. ಜ್ವರ ಬಂದರೆ ಅವ್ವ ನಾಣ್ಯ ಕಟ್ಟಿಡುತ್ತಿದ್ದದ್ದು ಆ ಜಾತ್ರೆಗೆ. ಅವನು ನಮ್ಮ ಶೆಡ್ಡಿನ ಬಡಪಾಯಿ ದೇವರೆಂದೇ ನಾನು ತಿಳಿದಿದ್ದೆ. ನಮ್ಮ ಸೀಮೆಯಿಂದ ಗುಳೆ ಹೋದ ಕೂಲಿಯವರಿಬ್ಬರು ಅವನ ಹೆಸರನ್ನು ಎಂಟುನೂರು ವರ್ಷಗಳ ಹಿಂದೆಯೇ ಸಹಿಯಾಗಿ ಬಳಸಿ ಬರೆದಿದ್ದರು.

ಅದೇ ವರ್ಷ ಸಿದ್ಧಲಿಂಗಯ್ಯನವರ ‘ಊರು ಕೇರಿ’ ಕೈಗೆ ಬಂತು. ಮಾಗಡಿಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ, ಕೂಲಿ ಹುಡುಕಿ ಬೆಂಗಳೂರು ಸೇರಿದ ತಂದೆತಾಯಿಯ ಜೊತೆ ಶ್ರೀರಾಮಪುರದಲ್ಲಿ ಬೆಳೆದವರು. ನೇಗಿಲಿಗೆ ಎತ್ತುಗಳ ಬದಲು ಮನುಷ್ಯರನ್ನು ಕಟ್ಟಿದ್ದನ್ನು, ಅವರಲ್ಲೊಬ್ಬ ತನ್ನಪ್ಪ ಎನ್ನುವುದನ್ನು ಹುಡುಗ ನೋಡುವ ಜಾಗ ಆ ಪುಸ್ತಕದಲ್ಲಿದೆ. ಅಳು ತರಿಸಬಹುದಾದ ಕಡೆಯೆಲ್ಲ ಅವರು ನಗಿಸುತ್ತಾರೆ. 1975ರ ‘ಹೊಲೆಮಾದಿಗರ ಹಾಡು’ ಬರೆದ ಕೈ ಇದೇನಾ ಎಂದು ಬೆರಗಾಗುವಷ್ಟು. ಮೇಷ್ಟ್ರಾದರು, ವಿಧಾನ ಪರಿಷತ್ತಿಗೆ ಹೋದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕಡೂರು ಸೀಮೆಯ ತಾಂಡಾದಲ್ಲಿ ಹುಟ್ಟಿದ ಬಿ.ಟಿ. ಲಲಿತಾ ನಾಯಕ್ ಲಂಕೇಶ್ ಪತ್ರಿಕೆಯಲ್ಲಿ ಬರೆದವರು, ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿಯಾದವರು. ನಮಗೆ ಇವರೆಲ್ಲ ಧೈರ್ಯ ಹೌದು. ಆದರೂ ಒಂದು ಸಣ್ಣ ಹೊಟ್ಟೆಕಿಚ್ಚು ನನ್ನಲ್ಲಿ ಉಳಿದಿತ್ತು. ಸಿದ್ಧಲಿಂಗಯ್ಯನವರಿಗೆ ಜಗಳಾಡಲು ಒಂದು ಊರಿತ್ತು, ಒಂದು ಕೇರಿಯಿತ್ತು. ಶೆಡ್ಡಿನಲ್ಲಿ ಬೆಳೆದವನು ಯಾವುದರ ಜೊತೆ ಜಗಳ ತೆಗೆಯಬೇಕು? ಸುಗ್ಗಿ ಮುಗಿದರೆ ಶೆಡ್ಡಿನ ತಗಡನ್ನೂ ಬಿಚ್ಚಿ ಒಯ್ಯುತ್ತಾರೆ.

ಸಂಜೆ ಉಡುಗಣಿಗೆ ವಾಪಸಾದಾಗ ಮಂಜು ಬಿಟ್ಟು ಅಕ್ಕನ ಮುಖ ಕಾಣುತ್ತಿತ್ತು. ಯಾರೋ ಇಬ್ಬರು ಹುಡುಗರು ಪ್ರತಿಮೆಯ ಪಾದದ ಬಳಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ತೋಟದಲ್ಲಿ ಗೊನೆ ಕೊಯ್ಯುವವನು ಒಂದು ಮರದಿಂದ ಇನ್ನೊಂದು ಮರಕ್ಕೆ ಬಾಗಿ ದಾಟಿಕೊಳ್ಳುವುದು ಕಂಡಿತು. ಕೆಳಗೆ ಹಗ್ಗ ಹಿಡಿದವನು ಜಾರಿಬಂದ ಗೊನೆಯನ್ನು ಕೆಳಗೆ ಬೀಳದ ಹಾಗೆ ಹಿಡಿದುಕೊಂಡ. ಅಪ್ಪ ಹದಿನೆಂಟು ವರ್ಷ ಹಾಗೆ ಹಗ್ಗ ಹಿಡಿದವನು. ಅವನ ಅಂಗೈ ಗೆರೆಗಳು ಸವೆದು ಹೋಗಿ, ಬ್ಯಾಂಕಿನವರು ಹೆಬ್ಬೆಟ್ಟು ಒತ್ತಿಸಿಕೊಂಡಾಗ ಮಷೀನು ಒಪ್ಪುತ್ತಿರಲಿಲ್ಲ.

ಶೆಡ್ಡಿನಲ್ಲಿ ಬಲ್ಬು ಹಾಕಿದ್ದರು. ಹೊಸದಾಗಿ ಬಂದ ಯಾದಗಿರಿ ಕಡೆಯ ಕುಟುಂಬವೊಂದರ ಹುಡುಗಿ, ಒಂಬತ್ತನೇ ಕ್ಲಾಸಂತೆ, ಅಮ್ಮನ ಪಕ್ಕ ಕೂತು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಬಾಲ್‌ಪೆನ್ನು ಚಳಿಗೆ ಬರೆಯದೆ ಅಂಗೈಯಲ್ಲಿ ಉಜ್ಜಿ ಉಜ್ಜಿ ಬಿಸಿ ಮಾಡುತ್ತಿದ್ದಳು. ಅರ್ಜಿಯನ್ನು ನನ್ನ ಕಡೆ ಚಾಚಿ, ‘ಅಣ್ಣಾ, ಖಾಯಂ ವಿಳಾಸ ಅಂದ್ರ ಯಾವುದು ಬರೀಬೇಕು?’ ಎಂದು ಕೇಳಿದಳು.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಲೆಕ್ಕದವನು ಬಂದ. ಇನ್ನೂ ಮೀಸೆ ಮೂಡುತ್ತಿರುವ ಹುಡುಗ, ಕಂಕುಳಲ್ಲಿ ಉದ್ದನೆ ಪುಸ್ತಕ. ಒಬ್ಬೊಬ್ಬರ ಹೆಸರು ಕೂಗಿ ಡಬ್ಬದ ಲೆಕ್ಕ ಓದುತ್ತಾ ಬಂದ. ಅವ್ವನ ಹೆಸರು ಬಂತು. ‘ಹನ್ನೊಂದು.’

‘ಹನ್ನೆಲ್ಡು’ ಎಂದಳು ಅವ್ವ, ಕತ್ತಿಯಿಂದ ಕೈ ತೆಗೆಯದೆ.

‘ಪುಸ್ತಕದಾಗೆ ಹನ್ನೊಂದು ಐತಜ್ಜಿ.’

ಅವ್ವ ಅವನ ಜೊತೆ ಮಾತು ಬೆಳೆಸಲಿಲ್ಲ. ನನ್ನ ಕಡೆ ತಿರುಗಿ ಗೋಡೆಗೆ ಗದ್ದ ತೋರಿಸಿದಳು. ‘ನೀ ರೈಟರ್ ಅದಿಯಲ್ಲ, ಓದಿ ಹೇಳು ಅವಂಗ.’

ಎದ್ದು ಗೋಡೆಯ ಹತ್ತಿರ ಹೋದೆ. ಮೊಬೈಲಿನ ಬೆಳಕು ಹಿಡಿದು ಗೀಟುಗಳ ಮೇಲೆ ಬೆರಳಿಟ್ಟು ಜೋರಾಗಿ ಎಣಿಸಿದೆ. ಐದು. ಹತ್ತು. ಹನ್ನೊಂದು, ಹನ್ನೆರಡು. ಸುಲಿಯುವ ಸದ್ದು ನಿಂತಿತ್ತು. ಹುಡುಗ ಪುಸ್ತಕದ ಹಿಂದಿನ ಹಾಳೆ ಮಗುಚಿದ, ಮುಂದಿನದು ಮಗುಚಿದ, ಮಧ್ಯಾಹ್ನ ತಾನು ಊಟಕ್ಕೆ ಹೋಗಿದ್ದ ಹೊತ್ತಿನದು ಬಿಟ್ಟುಹೋಗಿರಬೇಕು ಎಂದು ಗೊಣಗಿದ. ಹನ್ನೊಂದನ್ನು ಹೊಡೆದುಹಾಕಿ ಪಕ್ಕದಲ್ಲಿ ಹನ್ನೆರಡು ಬರೆದ.

‘ಬರೆದ್ನಾ?’ ಎಂದಳು ಅವ್ವ.

‘ಬರೆದ.’

ಅವಳು ಎದ್ದು ಬಂದು, ಕರೆ ಹಿಡಿದ ಅಂಗೈಯಿಂದ ಗೋಡೆಯ ಮೇಲಿನ ಗೀಟುಗಳನ್ನೆಲ್ಲ ಒರೆಸಿದಳು. ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತು ಖಾಲಿ ಡಬ್ಬವನ್ನು ಹತ್ತಿರ ಎಳೆದುಕೊಂಡಳು. ಹುಡುಗಿ ಇನ್ನೂ ಅರ್ಜಿ ಹಿಡಿದುಕೊಂಡೇ ಕೂತಿದ್ದಳು.